ಲೀಸ್‌ಗೆ ಫ್ಯಾಮಿಲಿ ಎಸ್‌ಯುವಿನಾ, ಇವಿನಾ? ಬೆಲೆಪಟ್ಟಿ ಬದಿಗಿಟ್ಟು ನೋಡೋಣ

ಕಾರು ಲೀಸ್‌ಗೆ ತಗೊಳ್ಳೋಣ ಎಂದು ಕೂತವರು ಮೊದಲು ತೆರೆಯುವುದು ಬೆಲೆಪಟ್ಟಿಯನ್ನು. ಲೀಸ್‌ನಲ್ಲಿ ಅದರಿಂದ ಅಷ್ಟೇನೂ ತಿಳಿಯುವುದಿಲ್ಲ. ಕಾರು ನಿಮ್ಮ ಕೈಯಲ್ಲಿರುವಷ್ಟು ದಿನ ಅದರ ಬೆಲೆ ಎಷ್ಟು ಇಳಿಯುತ್ತದೋ ಅಷ್ಟನ್ನು ನೀವು ತಿಂಗಳು ತಿಂಗಳು ಕಟ್ಟುತ್ತೀರಿ, ಅದರ ಮೇಲೆ ಬಡ್ಡಿ, ಮತ್ತೆ ಒಂದಿಷ್ಟು ಶುಲ್ಕ. ಇದು ತಲೆಗೆ ಹೋದರೆ ಪೆಟ್ರೋಲ್ ಎಸ್‌ಯುವಿ, ಹೈಬ್ರಿಡ್ (ಪೆಟ್ರೋಲ್ ಎಂಜಿನ್ ಜೊತೆಗೆ ಎಲೆಕ್ಟ್ರಿಕ್ ಮೋಟರ್ ಇರುವ ಕಾರು), ಇವಿ (ಬರೀ ಬ್ಯಾಟರಿಯಿಂದ ಓಡುವ ಕಾರು) ಮೂರರ ಲೆಕ್ಕವೂ ಬದಲಾಗುತ್ತದೆ.

ಒಂದು ಉದಾಹರಣೆ ನೋಡಿ. ಮೊದಲನೇ ಕಾರಿನ ಬೆಲೆ 100 ಅಂದುಕೊಳ್ಳಿ. ಮೂರು ವರ್ಷ ಕಳೆದ ಮೇಲೆ ಅದು 60ಕ್ಕೆ ಹೋಗುತ್ತದೆ ಎಂದು ಲೀಸ್ ಕಂಪನಿಯ ಅಂದಾಜು. ಎರಡನೇ ಕಾರು 90ಕ್ಕೇ ಸಿಗುತ್ತದೆ, ಆದರೆ ಮೂರು ವರ್ಷಕ್ಕೆ 40ಕ್ಕೆ ಬಂದು ನಿಲ್ಲುತ್ತದೆ. ಮೊದಲನೆಯದರಲ್ಲಿ ನೀವು ತುಂಬಬೇಕಾದ ಇಳಿಕೆ 40, ಎರಡನೆಯದರಲ್ಲಿ 50. ಬಡ್ಡಿ ವರ್ಷಕ್ಕೆ ಶೇ 6 ಎಂದಿಟ್ಟುಕೊಂಡು, ಶುರುವಿನ ಬೆಲೆ ಮತ್ತು ಕೊನೆಯ ಬೆಲೆಯ ಸರಾಸರಿ ಮೇಲೆ ಹಾಕಿದರೆ ಮೊದಲನೆಯದಕ್ಕೆ 14.4, ಎರಡನೆಯದಕ್ಕೆ 11.7. ಒಟ್ಟು 54.4 ಮತ್ತು 61.7. ಶೋರೂಮಿನಲ್ಲಿ ಅಗ್ಗವಾಗಿ ಕಂಡ ಕಾರಿನ ಕಂತೇ ಜಾಸ್ತಿ! ಆ 60, 40 ಇದೆಯಲ್ಲ, ಅದಕ್ಕೆ ರೆಸಿಡ್ಯುಯಲ್ ವ್ಯಾಲ್ಯೂ ಅಂತಾರೆ. ನಾನಿಲ್ಲಿ ಉಳಿಕೆ ಬೆಲೆ ಅಂತೀನಿ. ಕೊಟೇಶನ್ ಕೈಗೆ ಬಂದ ತಕ್ಷಣ ಹುಡುಕಬೇಕಾದ ಅಂಕಿ ಅದೇ. ಕೊಟೇಶನ್‌ನಲ್ಲಿ ಇಲ್ಲದಿದ್ದರೆ ಕೇಳಿ.

ಇವಿಗಳ ವಿಷಯದಲ್ಲಿ ಈ ಉಳಿಕೆ ಬೆಲೆಯೇ ದೊಡ್ಡ ಕಥೆ. 2023ರಲ್ಲಿ ಟೆಸ್ಲಾ ತನ್ನ ಹೊಸ ಕಾರುಗಳ ಬೆಲೆಯನ್ನು ಮತ್ತೆ ಮತ್ತೆ ಇಳಿಸಿತು. ಹೊಸದೇ ಅಗ್ಗವಾದರೆ ಹಳೆಯದನ್ನು ಯಾರು ಮೊದಲಿನ ರೇಟಿಗೆ ಕೊಳ್ಳುತ್ತಾರೆ? ಸೆಕೆಂಡ್ ಹ್ಯಾಂಡ್ ಬೆಲೆ ಬಿದ್ದುಹೋಯಿತು. ಬಾಡಿಗೆ ಕಾರಿನ ಕಂಪನಿ ಹರ್ಟ್ಜ್ 2024ರ ಜನವರಿಯಲ್ಲಿ ತನ್ನ ಸುಮಾರು 20,000 ಇವಿಗಳನ್ನು ಮಾರಿಬಿಡುವುದಾಗಿ ಹೇಳಿತು. ಬೆಲೆ ಕುಸಿತ ಒಂದು ಕಡೆ, ರಿಪೇರಿ ಖರ್ಚು ಇನ್ನೊಂದು ಕಡೆ. ಅಷ್ಟು ದೊಡ್ಡ ಕಂಪನಿಯೇ ಕೈ ಸುಟ್ಟುಕೊಂಡ ಮೇಲೆ, ಸ್ವಂತ ದುಡ್ಡಲ್ಲಿ ಒಂದೇ ಒಂದು ಇವಿ ಕೊಳ್ಳುವವರಿಗೆ ಅಳುಕು ಇರುವುದು ಸಹಜ.

ಲೀಸ್‌ನಲ್ಲಿ ಆ ಅಳುಕನ್ನು ಇನ್ನೊಬ್ಬರ ತಲೆಗೆ ಕಟ್ಟಬಹುದು. ಅವಧಿ ಮುಗಿಯಿತು, ಕೀ ಕೊಟ್ಟು ಬಂದಿರಿ. ಮಾರುಕಟ್ಟೆಯಲ್ಲಿ ಆ ಕಾರಿಗೆ ಎಷ್ಟು ಬಂತು ಅನ್ನುವುದು ಕಂಪನಿಯ ತಲೆನೋವು. ಆದರೆ ಒಂದು ಎಚ್ಚರ. ಎಲ್ಲ ಕರಾರುಗಳೂ ಹೀಗಿರುವುದಿಲ್ಲ. ಅಂದಾಜಿಗಿಂತ ಕಡಿಮೆಗೆ ಮಾರಾಟವಾದರೆ ವ್ಯತ್ಯಾಸ ನೀವೇ ತುಂಬಬೇಕು ಅನ್ನುವ ಲೀಸ್‌ಗಳೂ ಇವೆ. ಇವಿ ಆದರೆ ಅಂಥ ಕಾಗದಕ್ಕೆ ಸಹಿ ಹಾಕಲೇಬೇಡಿ.

ಹಾಗಾದರೆ ಇವಿ ಲೀಸ್ ಯಾವಾಗಲೂ ಅಗ್ಗವಾ? ಹಾಗೇನಿಲ್ಲ. ಪೆಟ್ಟು ತಿಂದ ಕಂಪನಿಗಳು ಉಳಿಕೆ ಬೆಲೆಯನ್ನು ತುಂಬಾ ಕೆಳಗೆ ಹಿಡಿಯುತ್ತವೆ, ಆಗ ಕಂತು ಏರುತ್ತದೆ. ಇನ್ನೊಂದು ಕಡೆ, ಸ್ಟಾಕ್ ಖಾಲಿ ಮಾಡಬೇಕಾದ ತಯಾರಕರು ತಾವೇ ಒಂದಷ್ಟು ಹೊರೆ ಹೊತ್ತು ಕಂತು ಇಳಿಸುತ್ತಾರೆ. ಹಾಗಾಗಿ ಒಂದೇ ಗಾತ್ರದ ಪೆಟ್ರೋಲ್ ಕಾರಿಗಿಂತ ಇವಿಯ ಕಂತು ಕಡಿಮೆ ಇರುವ ತಿಂಗಳೂ ಉಂಟು, ಜಾಸ್ತಿ ಇರುವ ತಿಂಗಳೂ ಉಂಟು. ಹೋದ ವರ್ಷ ಯಾರೋ ಹೇಳಿದ ರೇಟು ಇವತ್ತಿಗೆ ಲೆಕ್ಕಕ್ಕೆ ಬರುವುದಿಲ್ಲ.

ಮನೆಯಲ್ಲಿ ಪ್ಲಗ್ ಇದೆಯಾ?

ಇದೊಂದು ಪ್ರಶ್ನೆಗೆ ಉತ್ತರ ಸಿಕ್ಕರೆ ಅರ್ಧ ಆಯ್ಕೆ ಮುಗಿದ ಹಾಗೆ. ರಾತ್ರಿ ಕಾರು ನಿಲ್ಲುವ ಜಾಗದಲ್ಲಿ ಕರೆಂಟ್ ಇದ್ದರೆ ಇವಿ ನೋಡಿ. ಇಲ್ಲದಿದ್ದರೆ ಹೈಬ್ರಿಡ್ ನೋಡಿ. ಆಫೀಸಿನಲ್ಲಿ ದಿನವೂ ಚಾರ್ಜ್ ಮಾಡಲು ಬಿಡುತ್ತಾರೆ ಅಂದರೆ ಮಾತ್ರ ಇದಕ್ಕೆ ವಿನಾಯಿತಿ.

ಮನೆಗೆ ದೊಡ್ಡ ಚಾರ್ಜರ್ ಬೇಕೇ ಬೇಕು ಎಂದು ಹೆದರಿಸುವವರಿದ್ದಾರೆ. ಸಾಮಾನ್ಯ ಸಾಕೆಟ್‌ನಿಂದ ಗಂಟೆಗೆ ಎರಡೂಕಾಲು ಯೂನಿಟ್ ಎಳೆದರೂ ಹತ್ತು ಗಂಟೆಯಲ್ಲಿ 22 ಯೂನಿಟ್ ಆಯಿತು. ದಾರಿಯಲ್ಲಿ ಸೋರುವುದನ್ನು ಕಳೆದರೂ ನೂರು ಕಿಲೋಮೀಟರ್ ಓಡಿಸಬಹುದು. ಮಕ್ಕಳನ್ನು ಶಾಲೆಗೆ ಬಿಟ್ಟು, ಕೆಲಸಕ್ಕೆ ಹೋಗಿ, ತರಕಾರಿ ತಂದು ಬರುವ ಮನೆಗೆ ದಿನಕ್ಕೆ ಇದಕ್ಕಿಂತ ಜಾಸ್ತಿ ಬೇಕಾ? ವೈರಿಂಗ್ ಮಾತ್ರ ಎಲೆಕ್ಟ್ರಿಷಿಯನ್‌ಗೆ ತೋರಿಸಿ, ಏಕೆಂದರೆ ಹಳೆಯ ಸಾಕೆಟ್ ರಾತ್ರಿಯೆಲ್ಲ ಅಷ್ಟು ಕರೆಂಟ್ ಎಳೆದರೆ ಬಿಸಿಯಾಗುತ್ತದೆ. 7.4 ಕಿಲೋವ್ಯಾಟ್‌ನ ಗೋಡೆ ಚಾರ್ಜರ್ ಹಾಕಿಸಿದರೆ ದೊಡ್ಡ ಬ್ಯಾಟರಿಯೂ ಹೆಚ್ಚುಕಡಿಮೆ ಒಂದು ರಾತ್ರಿಯಲ್ಲಿ ತುಂಬುತ್ತದೆ. ಹಾಕಿಸುವುದಾದರೆ ಆ ಖರ್ಚನ್ನು ಲೀಸ್‌ನ ತಿಂಗಳುಗಳಿಗೆ ಹಂಚಿ ಕಂತಿಗೆ ಸೇರಿಸಿ ನೋಡಿ. ಬಾಡಿಗೆ ಮನೆಯಲ್ಲಿರುವವರಂತೂ ಇದನ್ನು ಮರೆಯಬೇಡಿ, ಮನೆ ಬಿಟ್ಟರೆ ಚಾರ್ಜರ್ ಗೋಡೆಯಲ್ಲೇ ಉಳಿಯುತ್ತದೆ.

ಇನ್ನು ಓಡಿಸುವ ಖರ್ಚು. ಫ್ಯಾಮಿಲಿ ಗಾತ್ರದ ಇವಿ 100 ಕಿಲೋಮೀಟರ್‌ಗೆ ಸುಮಾರು 17 ಯೂನಿಟ್ ತಿನ್ನುತ್ತದೆ, ಚಾರ್ಜ್ ಆಗುವಾಗ ಸೋರುವುದನ್ನೂ ಸೇರಿಸಿದರೆ ಮೀಟರ್ ಲೆಕ್ಕದಲ್ಲಿ 19. ಒಳ್ಳೆಯ ಹೈಬ್ರಿಡ್ ಅಷ್ಟೇ ದೂರಕ್ಕೆ 6 ಲೀಟರ್ ಕುಡಿಯುತ್ತದೆ ಅಂದುಕೊಳ್ಳೋಣ. 19ನ್ನು 6ರಿಂದ ಭಾಗಿಸಿದರೆ ಮೂರಕ್ಕಿಂತ ಸ್ವಲ್ಪ ಜಾಸ್ತಿ. ಅಂದರೆ ನಿಮ್ಮಲ್ಲಿ ಒಂದು ಲೀಟರ್ ಪೆಟ್ರೋಲ್‌ನ ದುಡ್ಡಿಗೆ ಸುಮಾರು 3.2 ಯೂನಿಟ್‌ಗಿಂತ ಜಾಸ್ತಿ ಕರೆಂಟ್ ಬಂದರೆ ಇವಿ ಗೆಲ್ಲುತ್ತದೆ, ಕಡಿಮೆ ಬಂದರೆ ಸೋಲುತ್ತದೆ. ಮನೆಯ ಕರೆಂಟಿನ ದರ ಹಾಕಿದರೆ ಸಾಮಾನ್ಯವಾಗಿ ಇವಿ ಸುಲಭವಾಗಿ ಗೆಲ್ಲುತ್ತದೆ. ಹೆದ್ದಾರಿಯ ಫಾಸ್ಟ್ ಚಾರ್ಜರ್ ದರ ಹಾಕಿ ನೋಡಿ, ಹಲವು ಕಡೆ ಎರಡೂ ಸಮಸಮ ಆಗಿಬಿಡುತ್ತವೆ. ಎಲ್ಲ ಚಾರ್ಜನ್ನೂ ಹೊರಗೇ ಮಾಡುವವರಿಗೆ ಇವಿಯಿಂದ ಉಳಿತಾಯ ಆಗುತ್ತದೆ ಅನ್ನುವುದು ಬರೀ ಭ್ರಮೆ.

ರೇಂಜ್ ಅಂಕಿ ಮತ್ತು ನಿಜವಾದ ದಾರಿ

ಕಿಯಾದ ಇವಿ3 ಎಂಬ ಕಾರಿನ ದೊಡ್ಡ ಬ್ಯಾಟರಿ 81.4 ಕಿಲೋವ್ಯಾಟ್‌ಅವರ್, ಅಂದರೆ ಅಷ್ಟೇ ಯೂನಿಟ್. ಒಂದು ಚಾರ್ಜ್‌ಗೆ ಓಡುವ ದೂರ, ಅಂದರೆ ರೇಂಜ್, ಡಬ್ಲ್ಯುಎಲ್‌ಟಿಪಿ ಎಂಬ ಪರೀಕ್ಷೆಯ ಲೆಕ್ಕದಲ್ಲಿ 605 ಕಿಲೋಮೀಟರ್‌ವರೆಗೆ ಎನ್ನುತ್ತಾರೆ. ಪ್ರಯೋಗಾಲಯದಲ್ಲಿ ಬಂದ ಅಂಕಿ, ಸುಳ್ಳಲ್ಲ. ಆದರೆ ದೂರದ ದಾರಿಯಲ್ಲಿ ಯಾರೂ ಬ್ಯಾಟರಿಯನ್ನು ಪೂರ್ತಿ ಖಾಲಿ ಮಾಡುವುದಿಲ್ಲ, ಪೂರ್ತಿ ತುಂಬುವವರೆಗೆ ಕಾಯುವುದೂ ಇಲ್ಲ. ಶೇ 80ರಿಂದ ಮೇಲೆ ಚಾರ್ಜ್ ಆಗುವ ವೇಗ ಕುಸಿಯುವುದರಿಂದ ಶೇ 10ರಿಂದ 80ರ ನಡುವೆಯೇ ಓಡಾಟ. ಅದು 57 ಯೂನಿಟ್. ವೇಗದ ಹೆದ್ದಾರಿಯಲ್ಲಿ 100 ಕಿಲೋಮೀಟರ್‌ಗೆ 20 ಯೂನಿಟ್ ಹೋದರೆ ಎರಡು ನಿಲುಗಡೆಗಳ ನಡುವೆ ನಿಮಗೆ ಸಿಗುವುದು 285 ಕಿಲೋಮೀಟರ್. ಚಳಿ ಜಾಸ್ತಿ ಇದ್ದರೆ ಇನ್ನೂ ಕಡಿಮೆ. ಮಕ್ಕಳಿರುವ ಮನೆಯವರು ಅಷ್ಟು ದೂರದೊಳಗೆ ಹೇಗೂ ಎರಡು ಸಲ ನಿಲ್ಲಿಸಿರುತ್ತಾರೆ, ಹಾಗಾಗಿ ನನ್ನ ಪ್ರಕಾರ ಇದು ಧಾರಾಳವಾಗಿ ಸಾಕು. ಅದೇ ಕಾರಿನ ಸಣ್ಣ ಬ್ಯಾಟರಿ 58.3. ಇದೇ ಲೆಕ್ಕ ಹಾಕಿದರೆ 200ರ ಆಸುಪಾಸು. ಊರೊಳಗೇ ಜಾಸ್ತಿ ಓಡಾಡುವವರಿಗೆ ಸಣ್ಣದೇ ಜಾಣತನ, ಸುಮ್ನೆ ಹೊತ್ತು ತಿರುಗುವ ಬ್ಯಾಟರಿಗೆ ಕಂತು ಕಟ್ಟುವುದು ಯಾಕೆ?

ಎಷ್ಟು ಬೇಗ ತುಂಬುತ್ತದೆ ಅನ್ನುವುದೂ ಮುಖ್ಯ. ಇವಿ3ಯಲ್ಲಿ ಶೇ 10ರಿಂದ 80ಕ್ಕೆ ಸುಮಾರು ಅರ್ಧ ಗಂಟೆ. ಹ್ಯುಂಡೈ ಅಯಾನಿಕ್ 5ರಲ್ಲಿ 800 ವೋಲ್ಟ್ ವ್ಯವಸ್ಥೆ ಇರುವುದರಿಂದ 350 ಕಿಲೋವ್ಯಾಟ್ ಚಾರ್ಜರ್ ಸಿಕ್ಕರೆ 18 ನಿಮಿಷ. ಅಂಥ ಚಾರ್ಜರ್ ನಿಮ್ಮ ದಾರಿಯಲ್ಲಿ ಇದ್ದರೆ ತಾನೇ? ಮೊದಲು ದಾರಿ ನೋಡಿ, ಆಮೇಲೆ ಆ 18 ನಿಮಿಷಕ್ಕೆ ಮರುಳಾಗಿ.

ಬ್ಯಾಟರಿ ಸವೆಯುತ್ತದಲ್ಲ ಅನ್ನುವ ಚಿಂತೆಯನ್ನು ಲೀಸ್‌ನವರು ಬಿಟ್ಟುಬಿಡಬಹುದು. ಹೆಚ್ಚಿನ ಕಂಪನಿಗಳು ಬ್ಯಾಟರಿಗೆ 8 ವರ್ಷ ಅಥವಾ 1,60,000 ಕಿಲೋಮೀಟರ್ ವಾರಂಟಿ ಕೊಡುತ್ತವೆ. ನಿಮ್ಮ ಲೀಸ್ ಮೂರೋ ನಾಲ್ಕೋ ವರ್ಷ.

ಹಿಂದಿನ ಸೀಟು, ಡಿಕ್ಕಿ, ಕೇಬಲ್

ಫ್ಯಾಮಿಲಿ ಕಾರು ಅಂದ ಮೇಲೆ ಟೆಸ್ಟ್ ಡ್ರೈವ್‌ಗೆ ಒಬ್ಬರೇ ಹೋಗುವುದರಲ್ಲಿ ಅರ್ಥವಿಲ್ಲ. ಮನೆಯಲ್ಲಿರುವ ಚೈಲ್ಡ್ ಸೀಟ್ ಮತ್ತು ಸ್ಟ್ರಾಲರ್ ಎರಡನ್ನೂ ಹೊತ್ತುಕೊಂಡು ಹೋಗಿ. ಹಿಂದಕ್ಕೆ ಮುಖ ಮಾಡಿ ಕೂರಿಸುವ ಚೈಲ್ಡ್ ಸೀಟನ್ನು ಮುಂದಿನ ಪ್ರಯಾಣಿಕರ ಸೀಟಿನ ಹಿಂದೆ ಹಾಕಿ ನೋಡಿ. ಎಷ್ಟೋ ಸಣ್ಣ ಎಸ್‌ಯುವಿಗಳಲ್ಲಿ ಮುಂದಿನ ಸೀಟನ್ನು ಎಷ್ಟು ಮುಂದಕ್ಕೆ ತಳ್ಳಬೇಕಾಗುತ್ತದೆ ಅಂದರೆ, ಅಲ್ಲಿ ಕೂತವರ ಮೊಣಕಾಲು ಡ್ಯಾಶ್‌ಬೋರ್ಡಿಗೆ ತಾಗುತ್ತದೆ. ಆಮೇಲೆ ಪಕ್ಕದಲ್ಲಿ ಇನ್ನೊಂದು ಕಾರು ನಿಂತಿದೆ ಎಂದುಕೊಂಡು ಬಾಗಿಲನ್ನು ಅರ್ಧ ಮಾತ್ರ ತೆರೆದು, ಮಲಗಿದ ಮಗುವನ್ನು ಎತ್ತಿ ಒಳಗೆ ಕೂರಿಸುವ ಹಾಗೆ ಮಾಡಿ ನೋಡಿ. ತಲೆ ತಾಗುತ್ತದಾ, ಬೆಲ್ಟಿನ ಬಕಲ್‌ಗೆ ಕೈ ಹೋಗುತ್ತದಾ, ಎಲ್ಲ ಎರಡು ನಿಮಿಷದಲ್ಲಿ ಗೊತ್ತಾಗುತ್ತದೆ. ಸೇಲ್ಸ್‌ನವರು ವಿಚಿತ್ರವಾಗಿ ನೋಡಿದರೆ ನೋಡಲಿ.

ಇವಿಗಳಲ್ಲಿ ಬ್ಯಾಟರಿ ನೆಲದಡಿ ಇರುವುದರಿಂದ ಹಿಂದಿನ ಸೀಟಿನ ಮುಂದೆ ನೆಲ ಸಪಾಟಾಗಿರುತ್ತದೆ. ನಡುವೆ ಕೂರುವವರಿಗೆ ಕಾಲಿಡಲು ಆರಾಮ. ಆದರೆ ಆ ನೆಲವೇ ಸ್ವಲ್ಪ ಎತ್ತರ ಬಂದು, ಉದ್ದ ಕಾಲಿನವರ ತೊಡೆ ಸೀಟಿಗೆ ತಾಗದೆ ಮೇಲೆ ನಿಲ್ಲುತ್ತದೆ. ಐದು ನಿಮಿಷದ ಟೆಸ್ಟ್ ಡ್ರೈವ್‌ನಲ್ಲಿ ಇದು ಗೊತ್ತಾಗುವುದಿಲ್ಲ, ಎರಡು ಗಂಟೆ ಕೂತರೆ ತೊಡೆ ಹೇಳುತ್ತದೆ. ಮನೆಯ ಹಿರಿಯರನ್ನೋ ಉದ್ದನೆಯ ಹುಡುಗರನ್ನೋ ಹಿಂದೆ ಕೂರಿಸಿ ಕೇಳಿ.

ಡಿಕ್ಕಿಯ ಲೀಟರ್ ಅಂಕಿಯನ್ನು ಪೂರ್ತಿ ನಂಬಬೇಡಿ. ಒಬ್ಬರು ಕಿಟಕಿಯ ಮಟ್ಟಕ್ಕೆ ಅಳೆಯುತ್ತಾರೆ, ಇನ್ನೊಬ್ಬರು ನೆಲದಡಿಯ ಗುಂಡಿಯನ್ನೂ ಸೇರಿಸುತ್ತಾರೆ. ಆದರೂ ಒಂದು ಅಂದಾಜಿಗೆ ಹೇಳುವುದಾದರೆ, ಐದನೇ ತಲೆಮಾರಿನ ಟೊಯೋಟಾ ರಾವ್4 ಹೈಬ್ರಿಡ್ 580 ಲೀಟರ್, ಹ್ಯುಂಡೈ ಟೂಸಾನ್ ಹೈಬ್ರಿಡ್ 616, ಕಿಯಾ ಸ್ಪೋರ್ಟೇಜ್ ಹೈಬ್ರಿಡ್ 587. ಇವಿಗಳಲ್ಲಿ ರೆನೋ ಸೀನಿಕ್ 545, ಸ್ಕೋಡಾ ಎಲ್ರಾಕ್ 470, ಇವಿ3 460, ಬಿವೈಡಿ ಅಟ್ಟೊ 3 440. ವೋಲ್ವೊ ಇಎಕ್ಸ್30 ನೋಡಲು ಮುದ್ದಾಗಿದೆ, ಓಡಿಸಲು ಚುರುಕು, ಆದರೆ ಡಿಕ್ಕಿ 318 ಲೀಟರ್. ಇಬ್ಬರಿಗೆ ಸರಿ, ಸ್ಟ್ರಾಲರ್ ಇರುವ ಮನೆಗೆ ಬೇಡ.

ಯಾರೂ ಹೇಳದ ಇನ್ನೊಂದು ವಿಷಯ ಚಾರ್ಜಿಂಗ್ ಕೇಬಲ್ ಎಲ್ಲಿಡುವುದು ಅನ್ನುವುದು. ಹೆಚ್ಚಿನ ಕಾರುಗಳಲ್ಲಿ ಡಿಕ್ಕಿಯ ನೆಲದ ಹಲಗೆಯ ಕೆಳಗೆ ಜಾಗ ಕೊಟ್ಟಿರುತ್ತಾರೆ. ಪ್ರವಾಸಕ್ಕೆ ಹೊರಟು ಮೇಲೆ ನಾಲ್ಕು ಬ್ಯಾಗ್ ಪೇರಿಸಿದ್ದೀರಿ, ಉಳಿದುಕೊಂಡ ಕಡೆ ಚಾರ್ಜರ್ ಇದೆ, ಮಳೆ ಬರುತ್ತಿದೆ. ಈಗ ಬ್ಯಾಗೆಲ್ಲ ಇಳಿಸಿ, ಹಲಗೆ ಎತ್ತಿ, ಕೆಸರು ಮೆತ್ತಿದ ಕೇಬಲ್ ಎಳೆಯಬೇಕು. ಟೆಸ್ಲಾ ಮಾಡೆಲ್ ವೈಯಲ್ಲಿ ಮುಂದಿನ ಬಾನೆಟ್ ಕೆಳಗೇ 117 ಲೀಟರ್ ಜಾಗವಿದೆ, ಕೇಬಲ್ ಅಲ್ಲಿ ಹಾಕಿದರೆ ಈ ರಗಳೆಯೇ ಇಲ್ಲ. ಎಲ್ರಾಕ್‌ನಲ್ಲಿ ಮುಂದೆ ಡಿಕ್ಕಿ ಇಲ್ಲ, ಆದರೆ ಹಿಂದಿನ ಡಿಕ್ಕಿಯ ಮೇಲ್ಮುಚ್ಚಳದ ಅಡಿಯಲ್ಲಿ ಕೇಬಲ್‌ಗೆಂದೇ ಒಂದು ಬಲೆ ಕಟ್ಟಿದ್ದಾರೆ. ಯೋಚನೆ ಮಾಡಿ ಮಾಡಿದವರ ಕೆಲಸ ಅದು.

ಹಾಗಾದರೆ ಯಾವುದು?

ಮನೆಯಲ್ಲಿ ಚಾರ್ಜಿಂಗ್ ಇದ್ದು, ಇಬ್ಬರು ಮಕ್ಕಳಿದ್ದರೆ ನಾನು ಮೊದಲು ಕೊಟೇಶನ್ ತರಿಸುವುದು ಇವಿ3 ಮತ್ತು ಎಲ್ರಾಕ್‌ಗೆ. ಇವಿ3 ಸುಮಾರು 4.3 ಮೀಟರ್ ಉದ್ದ, ಎಲ್ರಾಕ್ ಸುಮಾರು 4.5 ಮೀಟರ್, ಎರಡೂ ಇಕ್ಕಟ್ಟಿನ ಪಾರ್ಕಿಂಗ್‌ನಲ್ಲಿ ಕಷ್ಟ ಕೊಡುವುದಿಲ್ಲ. ಸಾಮಾನು ಜಾಸ್ತಿ, ಪ್ರಯಾಣ ಜಾಸ್ತಿ ಅನ್ನುವವರು ಸೀನಿಕ್ ಅಥವಾ ಮಾಡೆಲ್ ವೈ ನೋಡಬಹುದು. ಸೀನಿಕ್ 2024ರಲ್ಲಿ ಯುರೋಪಿನ ವರ್ಷದ ಕಾರು ಎನಿಸಿಕೊಂಡಿತು, 87 ಕಿಲೋವ್ಯಾಟ್‌ಅವರ್ ಬ್ಯಾಟರಿಯಲ್ಲಿ 625 ಕಿಲೋಮೀಟರ್‌ವರೆಗೆ ಅನ್ನುತ್ತದೆ ಅದರ ಡಬ್ಲ್ಯುಎಲ್‌ಟಿಪಿ ಅಂಕಿ. ಮಾಡೆಲ್ ವೈ 2023ರಲ್ಲಿ ಜಗತ್ತಿನಲ್ಲೇ ಅತಿ ಹೆಚ್ಚು ಮಾರಾಟವಾದ ಕಾರು, ಆದರೆ ಉದ್ದ 4.75 ಮೀಟರ್ ದಾಟುತ್ತದೆ. ಕಾಂಪ್ಯಾಕ್ಟ್ ಅನ್ನಲು ನನಗೆ ಮನಸ್ಸು ಬರುವುದಿಲ್ಲ. ಅಟ್ಟೊ 3ರ ಎಲ್‌ಎಫ್‌ಪಿ (ಲಿಥಿಯಂ ಐರನ್ ಫಾಸ್ಫೇಟ್) ಬ್ಯಾಟರಿಗೆ ಪದೇ ಪದೇ ಪೂರ್ತಿ ಚಾರ್ಜ್ ಮಾಡಿದರೂ ಅಷ್ಟಾಗಿ ಬೇಸರವಿಲ್ಲ, ದಿನದ ಓಡಾಟಕ್ಕೆ ಅನುಕೂಲ. ಆದರೆ 60.5 ಕಿಲೋವ್ಯಾಟ್‌ಅವರ್‌ಗೆ 420 ಕಿಲೋಮೀಟರ್ ಅನ್ನುವ ಅದರ ಅಂಕಿ ದೂರದ ದಾರಿಗೆ ಸ್ವಲ್ಪ ಬಿಗಿ.

ಪ್ಲಗ್ ಇಲ್ಲದವರಿಗೆ ರಾವ್4 ಹೈಬ್ರಿಡ್, ಟೂಸಾನ್ ಹೈಬ್ರಿಡ್. ಎರಡನ್ನೂ ಕಣ್ಣು ಮುಚ್ಚಿ ಪಟ್ಟಿಗೆ ಸೇರಿಸಿ, ಕೊನೆಗೆ ಕಂತು ಯಾವುದರದು ಕಡಿಮೆಯೋ ಅದು. ನಿಸಾನ್ ಕಶ್ಕಾಯ್ ಇ-ಪವರ್ ಸ್ವಲ್ಪ ಬೇರೆ ಜಾತಿ. ಅದರಲ್ಲಿ ಚಕ್ರ ತಿರುಗಿಸುವುದು ಬರೀ ಎಲೆಕ್ಟ್ರಿಕ್ ಮೋಟರ್, 1.5 ಲೀಟರ್ ಪೆಟ್ರೋಲ್ ಎಂಜಿನ್ ಕರೆಂಟ್ ಉತ್ಪಾದಿಸಲು ಮಾತ್ರ. ಹೊರಗಿನಿಂದ ಚಾರ್ಜ್ ಮಾಡುವ ಹಾಗಿಲ್ಲ. ಇವಿಯ ನಯವಾದ ಓಟ ಬೇಕು, ಚಾರ್ಜರ್ ಹುಡುಕುವ ಗೋಳು ಬೇಡ ಅನ್ನುವವರು ಒಮ್ಮೆ ಓಡಿಸಿ ನೋಡಿ.

ಪ್ಲಗ್-ಇನ್ ಹೈಬ್ರಿಡ್, ಅಂದರೆ ಹೊರಗಿನಿಂದಲೂ ಚಾರ್ಜ್ ಮಾಡಬಹುದಾದ ಹೈಬ್ರಿಡ್, ಪೆಟ್ರೋಲ್ ಮತ್ತು ಇವಿ ಎರಡರ ಲಾಭವನ್ನೂ ಕೊಡುತ್ತದೆ ಎಂದು ಮಾರುತ್ತಾರೆ. ದಿನವೂ ಚಾರ್ಜ್ ಮಾಡಿದರೆ ಹೌದು. ಮಾಡುವವರು ಎಷ್ಟು ಜನ? ಯುರೋಪಿಯನ್ ಕಮಿಷನ್ 2024ರಲ್ಲಿ ಹೊರತಂದ ವರದಿಯಲ್ಲಿ, ನಿಜವಾದ ರಸ್ತೆಯಲ್ಲಿ ಇವು ಉಗುಳುವ ಇಂಗಾಲದ ಡೈಆಕ್ಸೈಡ್ ಪ್ರಯೋಗಾಲಯದ ಅಂಕಿಗಿಂತ ಸರಾಸರಿ ಮೂರೂವರೆ ಪಟ್ಟು ಇತ್ತು. ಲೀಸ್ ಮುಗಿದು ವಾಪಸ್ ಬಂದ ಕಾರಿನಲ್ಲಿ ಕೇಬಲ್‌ನ ಪ್ಯಾಕೆಟ್ ಕೂಡ ಒಡೆದಿರುವುದಿಲ್ಲ ಅನ್ನುವುದು ಈ ವ್ಯವಹಾರದಲ್ಲಿರುವವರ ಹಳೇ ಜೋಕು. ಮೇಲಾಗಿ ಡಿಕ್ಕಿಯೂ ಕುಗ್ಗುತ್ತದೆ. ಫೋಕ್ಸ್‌ವ್ಯಾಗನ್ ಟಿಗ್ವಾನ್‌ನದು 652 ಲೀಟರ್ ಇದ್ದದ್ದು ಇಹೈಬ್ರಿಡ್ ಎಂಬ ಪ್ಲಗ್-ಇನ್ ರೂಪದಲ್ಲಿ 490ಕ್ಕೆ ಇಳಿಯುತ್ತದೆ. ಆದರೂ ಅದರ 19.7 ಕಿಲೋವ್ಯಾಟ್‌ಅವರ್ ಬ್ಯಾಟರಿ ಅಂಕಿಯ ಪ್ರಕಾರ ನೂರು ಕಿಲೋಮೀಟರ್ ದಾಟಿಸುತ್ತದೆ. ಮನೆಯಲ್ಲಿ ಪ್ಲಗ್ ಇದ್ದು, ಚಾರ್ಜರೇ ಇಲ್ಲದ ಕಡೆಗೆ ಆಗಾಗ ಹೋಗಬೇಕಾದವರು ಮಾತ್ರ ಇದನ್ನು ಯೋಚಿಸಲಿ.

ಕರಾರು ಓದುವಾಗ

ಕೊಟೇಶನ್‌ಗಳನ್ನು ಹೋಲಿಸುವಾಗ ತಿಂಗಳ ಕಂತು ಒಂದನ್ನೇ ನೋಡಬೇಡಿ. ಮುಂಗಡ ದೊಡ್ಡದಾಗಿ ಕಟ್ಟಿಸಿಕೊಂಡರೆ ಯಾವ ಕಂತನ್ನು ಬೇಕಾದರೂ ಚಿಕ್ಕದಾಗಿ ತೋರಿಸಬಹುದು. ಮುಂಗಡ, ಎಲ್ಲ ಕಂತು, ಶುಲ್ಕ, ವಿಮೆ (ಇವಿಗೆ ವಿಮೆ ಎಷ್ಟೋ ಸಲ ಜಾಸ್ತಿ ಬರುತ್ತದೆ), ಸರ್ವೀಸ್ ಸೇರಿದೆಯೋ ಇಲ್ಲವೋ, ಎಲ್ಲ ಕೂಡಿ ತಿಂಗಳುಗಳಿಂದ ಭಾಗಿಸಿ. ಆಮೇಲೆ ಅದಕ್ಕೆ ತಿಂಗಳ ಪೆಟ್ರೋಲನ್ನೋ ಕರೆಂಟನ್ನೋ ಸೇರಿಸಿ. ಹೋಲಿಸಬೇಕಾದ ಅಂಕಿ ಅದು. ಮುಂಗಡ ಕಡಿಮೆ ಇದ್ದಷ್ಟೂ ಒಳ್ಳೆಯದು ಅನ್ನಲು ಇನ್ನೊಂದು ಕಾರಣವಿದೆ. ಎರಡನೇ ತಿಂಗಳಲ್ಲೇ ಕಾರು ಕಳುವಾದರೆ ಅಥವಾ ಅಪಘಾತದಲ್ಲಿ ಪೂರ್ತಿ ಹಾಳಾದರೆ ಆ ಮುಂಗಡ ಸಾಮಾನ್ಯವಾಗಿ ವಾಪಸ್ ಬರುವುದಿಲ್ಲ. ವಿಮೆಯವರು ಕೊಡುವುದು ಆ ದಿನದ ಮಾರುಕಟ್ಟೆ ಬೆಲೆ. ಲೀಸ್ ಕಂಪನಿಗೆ ಬರಬೇಕಾದದ್ದು ಅದಕ್ಕಿಂತ ಜಾಸ್ತಿ ಇದ್ದರೆ ನಡುವಿನ ವ್ಯತ್ಯಾಸ ನಿಮ್ಮ ಜೇಬಿನಿಂದ. ಬೆಲೆ ಬೇಗ ಇಳಿಯುವ ಇವಿಗಳಲ್ಲಿ ಈ ವ್ಯತ್ಯಾಸ ದೊಡ್ಡದು, ಅದಕ್ಕೆ ಗ್ಯಾಪ್ ಕವರ್ ಅಂತ ಬೇರೆ ವಿಮೆ ಇರುತ್ತದೆ. ಕೇಳಿ ಹಾಕಿಸಿಕೊಳ್ಳಿ.

ವರ್ಷಕ್ಕೆ ಇಷ್ಟೇ ಓಡಿಸಬೇಕು ಅನ್ನುವ ಲೀಸ್‌ನ ಕಿಲೋಮೀಟರ್ ಮಿತಿಯನ್ನು ಕಂತು ಕಡಿಮೆ ಮಾಡಲೆಂದು ಇಳಿಸಬೇಡಿ. ಈಗಿನ ಕಾರಿನ ಸರ್ವೀಸ್ ಬಿಲ್‌ಗಳಲ್ಲಿ ಓಡೋಮೀಟರ್ ಅಂಕಿ ಇರುತ್ತದೆ, ಅದರಿಂದ ವರ್ಷಕ್ಕೆ ಎಷ್ಟು ಓಡುತ್ತೀರಿ ಅನ್ನುವುದು ಸಿಗುತ್ತದೆ. ಇವಿ ಬಂದ ಮೇಲೆ ಓಡಾಟದ ಖರ್ಚು ಕಡಿಮೆ ಎಂದು ಮನೆಯಲ್ಲಿ ಎರಡನೇ ಕಾರಿದ್ದರೂ ಎಲ್ಲರೂ ಇದನ್ನೇ ಎಳೆದುಕೊಂಡು ಹೋಗುತ್ತಾರೆ, ಹಾಗಾಗಿ ಸ್ವಲ್ಪ ಜಾಸ್ತಿಯೇ ಇಟ್ಟುಕೊಳ್ಳಿ.

ಟ್ರಿಮ್ (ಒಂದೇ ಕಾರಿನ ಬೇರೆ ಬೇರೆ ವೇರಿಯಂಟ್) ಆರಿಸುವಾಗ ದೊಡ್ಡ ಚಕ್ರದ ಆಸೆಗೆ ಬೀಳಬೇಡಿ. 20 ಇಂಚಿನ ಚಕ್ರ ಹಾಕಿದರೆ ರೇಂಜ್ ಇಳಿಯುತ್ತದೆ, ಕುಲುಕಾಟ ಏರುತ್ತದೆ, ಟೈರಿನ ಬೆಲೆ ನೋಡಿದರೆ ಮೂಗಿಗಿಂತ ಮೂಗುತಿ ಭಾರ. ಇವಿಗಳ ತೂಕಕ್ಕೆ ಟೈರ್ ಬೇರೆ ಬೇಗ ಸವೆಯುತ್ತದೆ, ವಾಪಸ್ ಕೊಡುವಾಗ ಸವೆದಿದ್ದರೆ ಹೊಸದರ ದುಡ್ಡು ಕೇಳುತ್ತಾರೆ. ತೆಳ್ಳಗಿನ ಟೈರಿನ ದೊಡ್ಡ ಅಲಾಯ್ ಫುಟ್‌ಪಾತ್ ಅಂಚಿಗೆ ಉಜ್ಜಿ ಗೀಚಾಗುವುದೂ ಬೇಗ. ಕಾರು ವಾಪಸ್ ತಗೊಳ್ಳಲು ಬಂದವರು ಕಾರನ್ನು ಸುತ್ತು ಹಾಕುವಾಗ ಬಗ್ಗಿ ನೋಡುವುದೇ ಚಕ್ರಗಳನ್ನು.

ಎಷ್ಟು ಗೀಚು, ಎಷ್ಟು ಡೆಂಟ್ ಸಹಜ ಸವೆತ, ಎಷ್ಟಕ್ಕೆ ದುಡ್ಡು ಹಿಡಿಯುತ್ತಾರೆ ಅನ್ನುವ ಪಟ್ಟಿಯನ್ನು ಸಹಿ ಹಾಕುವ ಮುಂಚೆಯೇ ಬರಹದಲ್ಲಿ ಪಡೆಯಿರಿ. ಕಾರು ಕೈಗೆ ಬಂದ ದಿನ ನಾಲ್ಕೂ ಚಕ್ರ, ನಾಲ್ಕೂ ಮೂಲೆ, ಒಳಗಿನ ಸೀಟುಗಳು, ಓಡೋಮೀಟರ್, ಎಲ್ಲದರ ಫೋಟೊ ತೆಗೆದಿಡಿ. ಜೊತೆಗೆ ಬಂದ ಎರಡನೇ ಕೀ ಮತ್ತು ಚಾರ್ಜಿಂಗ್ ಕೇಬಲ್ ಫೋಟೊ ಕೂಡ. ಇವೆರಡು ಕಳೆದುಹೋದರೆ ಬರುವ ಬಿಲ್ ಗೀಚಿನ ಬಿಲ್‌ಗಿಂತ ದೊಡ್ಡದಿರಬಹುದು.